ತಿಂಗಳುಗಟ್ಟಲೆ ವ್ಯಾನಿನಲ್ಲೇ ವಾಸ: ನೀರು, ಕರೆಂಟು, ಪಾಯಿಖಾನೆಯ ಲೆಕ್ಕ

ಕ್ಯಾಂಪರ್ ವ್ಯಾನಿನಲ್ಲಿ ಎರಡು ರಾತ್ರಿ ಕಳೆಯಲು ಹಾಸಿಗೆ, ಟಾರ್ಚು, ಒಂದು ಸ್ಟವ್ ಸಾಕು. ಎರಡು ತಿಂಗಳಾದರೆ ಮಾತು ಬೇರೆ. ನೀರು ಎಲ್ಲಿ ತುಂಬಿಸುವುದು, ಪಾಯಿಖಾನೆ ಎಲ್ಲಿ ಖಾಲಿ ಮಾಡುವುದು, ಮೋಡ ಮುಚ್ಚಿದ ಮೂರನೇ ದಿನವೂ ಫ್ರಿಜ್ ನಡೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳೇ ಆಗ ದಾರಿಯನ್ನು ನಿರ್ಧರಿಸುತ್ತವೆ. ಮೂರರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ಮಾತ್ರ ಒಂದು ಜಾಗದಲ್ಲಿ ನಿಲ್ಲಬಹುದು. ಪಾಯಿಖಾನೆಯ ಡಬ್ಬಿ ಮೂರು ದಿನಕ್ಕೆ ತುಂಬುವುದಾದರೆ, ವಾರಕ್ಕಾಗುವ ಬ್ಯಾಟರಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ. ಮೂರನ್ನೂ ಒಂದೇ ಅವಧಿಗೆ ಹೊಂದಿಸಿ. ಇಬ್ಬರಿಗಾದರೆ ಮೂರರಿಂದ ನಾಲ್ಕು ದಿನ ಸರಿಯಾದ ಅಳತೆ. ಅದಕ್ಕಿಂತ ಹೆಚ್ಚಿಸಿದರೆ ತೂಕ ಏರುತ್ತದೆ, ಕಡಿಮೆ ಮಾಡಿದರೆ ದಿನವೂ ನಲ್ಲಿ ಹುಡುಕಬೇಕಾಗುತ್ತದೆ.

ಮುಂದಿನ ಲೆಕ್ಕಗಳೆಲ್ಲ ಇಬ್ಬರಿಗೆ, ಟೆಂಪೊ ಟ್ರಾವೆಲರ್ (ಟಿಟಿ) ಗಾತ್ರದ ಗಾಡಿಗೆ, ಕರ್ನಾಟಕ ಮತ್ತು ಅಕ್ಕಪಕ್ಕದ ರಾಜ್ಯಗಳ ಹವೆಗೆ ಹೊಂದುವಂಥವು.

ಗಾಡಿ ಕಟ್ಟಿಸುವ ಮೊದಲು ಆರ್‌ಸಿ ನೋಡಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಸೀಟು ಕಿತ್ತು ಮಂಚ ಬೋಲ್ಟ್ ಮಾಡಿದರೆ ಆರ್‌ಸಿಯಲ್ಲಿರುವ ಸೀಟಿನ ಸಂಖ್ಯೆ ತಪ್ಪುತ್ತದೆ. ತಪಾಸಣೆಯಲ್ಲಿ ದಂಡ ಬೀಳುವುದು ಒಂದು ಕಡೆ ಇರಲಿ, ಗಾಡಿಗೆ ಬೆಂಕಿ ಬಿದ್ದರೆ ಅಥವಾ ಅಪಘಾತವಾದರೆ ವಿಮೆ ಕೈಕೊಡುವುದೇ ದೊಡ್ಡ ನಷ್ಟ. ಮನೆಗಾಡಿಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಶಾಶ್ವತ ಅಡುಗೆಮನೆ, ಶೌಚಾಲಯ ಬೇಕೆನ್ನುವವರು ಆ ಅನುಮೋದನೆ ಇರುವ ತಯಾರಕರಿಂದ ಕಟ್ಟಿಸಿಕೊಂಡು ಆರ್‌ಸಿಯಲ್ಲೇ ಹಾಗೆಂದು ನಮೂದಿಸಿಕೊಳ್ಳಬೇಕು. ಅಷ್ಟು ಖರ್ಚು ಬೇಡವಾದರೆ ಸೀಟುಗಳನ್ನು ಹಾಗೇ ಬಿಟ್ಟು, ಅವುಗಳ ಮೇಲೆ ಹಲಗೆ ಬಿಡಿಸಿ ಮಲಗುವ, ಅರ್ಧ ಗಂಟೆಯಲ್ಲಿ ಕಳಚಿಡಬಹುದಾದ ಪೆಟ್ಟಿಗೆ ವ್ಯವಸ್ಥೆ ಮಾಡಿಕೊಳ್ಳಿ. ನಡುವಿನ ದಾರಿಗಳನ್ನು ಸೂಚಿಸುವ ಗ್ಯಾರೇಜುಗಳು ಬೇಕಾದಷ್ಟಿವೆ. ರಸ್ತೆಯಲ್ಲಿ ಉತ್ತರ ಕೊಡಬೇಕಾದವರು ಅವರಲ್ಲ, ನೀವು.

ಅಗ್ಗಕ್ಕೆ ಸಿಗುವ ಹಳದಿ ಬೋರ್ಡಿನ ಹಳೆಯ ಟಿಟಿ ಕೊಳ್ಳುವವರು ಅದನ್ನು ಬಿಳಿ ಬೋರ್ಡಿಗೆ ಬದಲಾಯಿಸಲು ಸಾಧ್ಯವೇ ಎಂದು ಆರ್‌ಟಿಒದಲ್ಲಿ ಮೊದಲು ಕೇಳಿ, ಆಮೇಲೆ ಮುಂಗಡ ಕೊಡಿ. ಇಲ್ಲದಿದ್ದರೆ ಪ್ರತಿ ಗಡಿಯಲ್ಲೂ ಪರ್ಮಿಟ್ಟು, ತೆರಿಗೆ ಎಂದು ನಿಲ್ಲಬೇಕಾಗುತ್ತದೆ. ಒಂದೇ ಹೊರರಾಜ್ಯದಲ್ಲಿ ಗಾಡಿ 12 ತಿಂಗಳು ಮೀರಿ ಉಳಿದರೆ ಅಲ್ಲಿನ ನೋಂದಣಿ ಮಾಡಿಸಬೇಕು ಎಂಬುದೂ ನೆನಪಿರಲಿ. ಸುತ್ತಾಡುವವರಿಗೆ ಇದು ಅಪರೂಪಕ್ಕೆ ತಟ್ಟುತ್ತದೆ, ಗೋವಾದಲ್ಲೇ ನೆಲೆ ನಿಂತವರಿಗೆ ತಟ್ಟುತ್ತದೆ.

ತೂಕ

18 ಮಿ.ಮೀ. ಪ್ಲೈವುಡ್ಡಿನ ಒಂದು 8×4 ಶೀಟು 30 ಕಿಲೋ ದಾಟುತ್ತದೆ. ಬಡಗಿಗಳು ಮನೆಯ ವಾರ್ಡ್‌ರೋಬಿನ ಅಭ್ಯಾಸದಲ್ಲಿ ಎಲ್ಲಕ್ಕೂ ಅದನ್ನೇ ಬಳಸುತ್ತಾರೆ. ಐದಾರು ಶೀಟು ಆದರೆ 200 ಕಿಲೋ ಮರವೇ ಆಯಿತು. ಮಂಚದ ಹಲಗೆಗೆ 12 ಮಿ.ಮೀ., ಕಪಾಟಿನ ಬಾಗಿಲಿಗೆ 6 ಮಿ.ಮೀ. ಸಾಕು; ಬಲ ಬೇಕಾದಲ್ಲಿ ಅಲ್ಯೂಮಿನಿಯಂ ಸೆಕ್ಷನ್ ಹಾಕಿಸಿ.

ಕೆಲಸ ಮುಗಿದ ಮೇಲೆ ನೀರು, ಡೀಸೆಲ್, ಸಾಮಾನು ಎಲ್ಲ ತುಂಬಿ, ಹೊರಡುವ ಇಬ್ಬರೂ ಕೂತು ವೇಬ್ರಿಡ್ಜಿಗೆ ಹೋಗಿ. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಚಕ್ರಗಳು ಮಾತ್ರ, ಕೊನೆಗೆ ಹಿಂದಿನ ಚಕ್ರಗಳು ಮಾತ್ರ ತೂಗಿಸಿ. ಒಟ್ಟು ತೂಕ ಆರ್‌ಸಿಯಲ್ಲಿರುವ ಗರಿಷ್ಠ ಮಿತಿಯೊಳಗಿದ್ದರೆ ಸಾಲದು, ಹಿಂದಿನ ಆಕ್ಸಲ್ ಮೇಲೆ ಮಿತಿ ಮೀರಿರಬಾರದು. ನೀರಿನ ಟ್ಯಾಂಕು, ಬ್ಯಾಟರಿ, ಗ್ಯಾಸ್ ಎಲ್ಲವನ್ನೂ ಹಿಂಬಾಗಿಲ ಬಳಿ ಪೇರಿಸಿದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿಯುವಾಗ ಇದು ಅಪಾಯ. ಭಾರವಾದದ್ದೆಲ್ಲ ಎರಡು ಆಕ್ಸಲ್‌ಗಳ ನಡುವೆ, ನೆಲಕ್ಕೆ ಹತ್ತಿರ, ಎಡ ಬಲ ಸಮವಾಗಿರಲಿ.

ನೀರು

ಮಿತವಾಗಿ ಬಳಸಿದರೆ ಒಬ್ಬರಿಗೆ ದಿನಕ್ಕೆ 15 ಲೀಟರ್ ಬೇಕು. ಕುಡಿಯಲು, ಅಡುಗೆಗೆ ಐದಾರು, ಪಾತ್ರೆಗೆ ಎರಡು ಮೂರು, ಉಳಿದದ್ದು ಚೊಂಬಿನ ಸ್ನಾನಕ್ಕೆ. ಶವರ್ ಹಾಕಿಸಿದರೆ ಈ ಲೆಕ್ಕ ಎರಡೇ ದಿನದಲ್ಲಿ ಬುಡಮೇಲು. ಇಬ್ಬರಿಗೆ 100 ಲೀಟರ್ ಎಂದರೆ ಮೂರು ದಿನ ದಾಟಿ ಬರುತ್ತದೆ, ತೂಕ 100 ಕಿಲೋ.

ಗಾಡಿಯ ಕೆಳಗೆ ಕಾಯಂ ಟ್ಯಾಂಕು ಕೂರಿಸುವ ಬದಲು 20 ಲೀಟರಿನ ಐದು ಕ್ಯಾನ್ ಇಟ್ಟುಕೊಳ್ಳುವುದೇ ನಮ್ಮ ಕಡೆಯ ದಾರಿಗಳಿಗೆ ಮೇಲು. ಕರ್ನಾಟಕದ ಬಹಳಷ್ಟು ಊರುಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕ ಇದೆ. ನಾಣ್ಯ ಹಾಕಿದರೆ 20 ಲೀಟರ್ ಬೀಳುತ್ತದೆ, ಆದರೆ ಪೈಪು ಎಳೆದು ಟ್ಯಾಂಕಿಗೆ ಬಿಡಲು ಅಲ್ಲಿ ಆಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಒಂದು ಕಡೆ ಕೆಟ್ಟ ನೀರು ತುಂಬಿಸಿಕೊಂಡರೆ ಹಾಳಾಗುವುದು ಒಂದು ಕ್ಯಾನ್ ಮಾತ್ರ. ಎರಡು ಕ್ಯಾನಿಗೆ ನೀಲಿ ಟೇಪು ಸುತ್ತಿ ಕುಡಿಯಲು, ಅಡುಗೆಗೆ ಮೀಸಲಿಡಿ, ಉಳಿದ ಮೂರು ಸ್ನಾನ, ಪಾತ್ರೆಗೆ. ಘಟಕಗಳು ಬೆಳಿಗ್ಗೆ, ಸಂಜೆ ಮಾತ್ರ ತೆರೆದಿರುವುದುಂಟು, ಕರೆಂಟು ಹೋದರೆ ನಿಂತೇ ಬಿಡುತ್ತವೆ. ಎರಡು ಕ್ಯಾನ್ ಖಾಲಿಯಾದ ಕೂಡಲೇ ತುಂಬಿಸಿಕೊಳ್ಳುವ ಅಭ್ಯಾಸವಿರಲಿ. 5 ರೂಪಾಯಿ ನಾಣ್ಯಗಳ ಒಂದು ಡಬ್ಬಿ ಡ್ಯಾಶ್‌ಬೋರ್ಡಿನಲ್ಲಿರಲಿ.

ಕೋಲಾರ, ಪಾವಗಡದಂಥ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅಲ್ಲಿ ಕುಡಿಯಲು ಆರ್‌ಒ ನೀರೇ ಆಗಬೇಕು. ಮಲೆನಾಡಿನಲ್ಲಿ ತದ್ವಿರುದ್ಧ: ಝರಿಯ ನೀರಿನಲ್ಲಿ ಲವಣ ಕಡಿಮೆ, ರೋಗಾಣುವಿನ ಭಯ ಹೆಚ್ಚು. ಅದನ್ನು ಚೆನ್ನಾಗಿ ಕುದಿಸಿ, ಇಲ್ಲವೇ ಸುಗಂಧವಿಲ್ಲದ 5% ಬ್ಲೀಚ್ ದ್ರಾವಣವನ್ನು ಲೀಟರಿಗೆ ಎರಡು ಹನಿಯಂತೆ ಹಾಕಿ ಅರ್ಧ ಗಂಟೆ ಬಿಡಿ. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಬೇಕು. ಮಣ್ಣಿನ ಕಣಗಳು ಕ್ಲೋರಿನ್ನನ್ನು ನುಂಗಿಬಿಡುತ್ತವೆ. ಎರಡು ತಿಂಗಳಿಗೊಮ್ಮೆ ಕ್ಯಾನುಗಳನ್ನೂ ತೊಳೆಯಿರಿ: 20 ಲೀಟರಿಗೆ ಅದೇ ಬ್ಲೀಚ್ 20 ಮಿ.ಲೀ., ನಾಲ್ಕು ಗಂಟೆ ಬಿಟ್ಟು ಎರಡು ಸಲ ಜಾಲಾಡಿ ಚೆಲ್ಲಿ. ಒಳಗೆ ಕೈಗೆ ಜಾರುವ ಪಾಚಿಪದರ ಕಾಣಿಸಿದರೆ ಕ್ಯಾನಿಗೆ ಬಿಸಿಲು ಬೀಳುತ್ತಿದೆ ಎಂದರ್ಥ.

ಸಿಂಕಿಗೆ ವಿದ್ಯುತ್ ಪಂಪಿಗಿಂತ ಕಾಲಲ್ಲಿ ಒತ್ತುವ ಪಂಪು ಒಳ್ಳೆಯದು. ಕಾಲು ತೆಗೆದರೆ ನೀರು ನಿಲ್ಲುತ್ತದೆ, ಕೆಟ್ಟರೆ ಎರಡು ಸ್ಕ್ರೂ ಬಿಚ್ಚಿ ಸರಿಮಾಡಬಹುದು. ಪಾತ್ರೆಯ ಜಿಡ್ಡನ್ನು ಮೊದಲು ಹಳೆ ಪೇಪರಿನಲ್ಲಿ ಒರೆಸಿದರೆ ನೀರು ಅರ್ಧ ಉಳಿಯುತ್ತದೆ, ಕೊಳೆನೀರಿನ ಕ್ಯಾನೂ ನಾರುವುದಿಲ್ಲ. ಊಟಕ್ಕೆ ಅಡಿಕೆ ಹಾಳೆ ಇಲ್ಲವೇ ಮುತ್ತುಗದ ಎಲೆ ಬಳಸಿದರೆ ತಟ್ಟೆ ತೊಳೆಯುವ ಮಾತೇ ಇಲ್ಲ. ಕೊಳೆನೀರನ್ನು ಕೆರೆ, ಹಳ್ಳದ ದಂಡೆಯಲ್ಲಿ ಚೆಲ್ಲಬೇಡಿ. ಅನ್ನದಗುಳು ಸೋಸಿ ತೆಗೆದು ಚರಂಡಿಗೋ, ತೋಟದವರು ಒಪ್ಪಿದರೆ ತೆಂಗಿನ ಬುಡಕ್ಕೋ ಹಾಕಿ.

ಪಾಯಿಖಾನೆ

ಯಾರೂ ವಿವರವಾಗಿ ಹೇಳದ ವಿಷಯ ಇದು, ಪ್ರವಾಸ ಅರ್ಧಕ್ಕೇ ಮುಗಿಯುವುದೂ ಹೆಚ್ಚಾಗಿ ಇದರಿಂದಲೇ. ಕೆಳಗಿನ ಡಬ್ಬಿಯನ್ನು ಎಳೆದು ತೆಗೆದು ಖಾಲಿ ಮಾಡುವ 20 ಲೀಟರಿನ ಕ್ಯಾಸೆಟ್ ಟಾಯ್ಲೆಟ್ ಇಬ್ಬರಿಗೆ ಮೂರು ದಿನ ಬರುತ್ತದೆ. ಯುರೋಪಿನಲ್ಲಿ ಅದನ್ನು ಖಾಲಿ ಮಾಡಲೆಂದೇ ಕಟ್ಟಿದ ಜಾಗಗಳಿರುತ್ತವೆ. ಇಲ್ಲಿ ಅಂಥದ್ದನ್ನು ನಂಬಿ ಹೊರಡುವಂತಿಲ್ಲ. ಪೆಟ್ರೋಲ್ ಬಂಕ್, ಡಾಬಾ, ಲಾಡ್ಜಿನ ಶೌಚಾಲಯಕ್ಕೇ ಸುರಿಯಬೇಕು, ಅದೂ ಕೇಳಿಕೊಂಡು, ಆಮೇಲೆ ಎರಡು ಬಕೆಟ್ ನೀರು ಹಾಕಿ ತೊಳೆದು. ಡೀಸೆಲ್ ತುಂಬಿಸಿದ ಮೇಲೆ ಕೇಳಿದರೆ ಬೇಡ ಎನ್ನುವವರು ಕಡಿಮೆ. ಫಾರ್ಮಾಲ್ಡಿಹೈಡ್ ಇರುವ ನೀಲಿ ರಾಸಾಯನಿಕ ಹಾಕಬೇಡಿ. ಅದು ಸೆಪ್ಟಿಕ್ ಟ್ಯಾಂಕಿನಲ್ಲಿ ಮಲ ಕೊಳೆಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಸುರಿಯಲು ಬಿಟ್ಟವರ ಟ್ಯಾಂಕು ಕೆಡಿಸಿದಂತಾಗುತ್ತದೆ.

ದೀರ್ಘ ಪ್ರವಾಸಕ್ಕೆ ನಮ್ಮ ಆಯ್ಕೆ ಒಣ ಪಾಯಿಖಾನೆ. ಮೂತ್ರ ಮುಂದಿನ ಕೊಳವೆಯಿಂದ ಬೇರೆ ಕ್ಯಾನಿಗೆ ಹೋಗಬೇಕು, ಮಲ ಹಿಂದಿನ ಬಕೆಟ್ಟಿಗೆ ಬೀಳಬೇಕು. ಬಕೆಟ್ಟಿನ ತಳಕ್ಕೆ ನಾಲ್ಕು ಬೆರಳು ಒಣ ತೆಂಗಿನ ನಾರಿನ ಪುಡಿ, ಪ್ರತಿ ಸಲವೂ ಮೇಲೆ ಎರಡು ಹಿಡಿ. ನರ್ಸರಿಗಳಲ್ಲಿ ಕೋಕೋಪೀಟ್ ಎಂದು ಕೇಳಿದರೆ 5 ಕಿಲೋ ಇಟ್ಟಿಗೆ ಸಿಗುತ್ತದೆ, ಪುಡಿಯಾಗಿ ಅರಳಿದರೆ ಹಲವು ವಾರಕ್ಕೆ ಸಾಕು. ವಾಸನೆ ಬರುವುದು ಮೂತ್ರ, ಮಲ ಎರಡೂ ಬೆರೆತಾಗ. ಬೇರೆಯಾಗಿದ್ದರೆ ಮುಚ್ಚಳ ತೆಗೆದರೂ ಮಣ್ಣಿನ ವಾಸನೆ ಮಾತ್ರ. ಇಲ್ಲೊಂದು ತೊಡಕಿದೆ: ನಾವು ತೊಳೆದುಕೊಳ್ಳುವವರು, ಆ ನೀರು ಬಕೆಟ್ಟಿಗೆ ಬಿದ್ದರೆ ಒಣ ಪಾಯಿಖಾನೆ ಒಣದಾಗಿ ಉಳಿಯುವುದಿಲ್ಲ. ಮುಂದಕ್ಕೆ ಸರಿದು ಮೂತ್ರದ ಕೊಳವೆಯ ಕಡೆಗೇ ನೀರು ಇಳಿಯುವಂತೆ ತೊಳೆದುಕೊಳ್ಳಬೇಕು. ಆ ಕ್ಯಾನು 10 ಲೀಟರಿನದಾಗಿರಲಿ, ದಿನವೂ ಖಾಲಿಯಾಗಲಿ. ಬಕೆಟ್ಟನ್ನು ತೋಟದ ಮಾಲೀಕರ ಒಪ್ಪಿಗೆಯಿದ್ದಲ್ಲಿ ಮಾತ್ರ, ಬಾವಿ, ಹಳ್ಳದಿಂದ ದೂರ, ಒಂದಡಿ ಆಳದ ಗುಂಡಿಯಲ್ಲಿ ಮುಚ್ಚಿ.

ಕರೆಂಟು

ಮೊದಲು ದಿನದ ಬಳಕೆ ಕೂಡಿಸಿ, ಆಮೇಲೆ ಅಂಗಡಿಗೆ ಹೋಗಿ. ವ್ಯಾಟನ್ನು ಗಂಟೆಯಿಂದ ಗುಣಿಸಿದರಾಯಿತು, ಬರುವುದು ವ್ಯಾಟ್ ಅವರ್.

- 45 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್, ಬೇಸಿಗೆಯಲ್ಲಿ: ಸುಮಾರು 500
- 15 ವ್ಯಾಟಿನ ಎರಡು ಡಿಸಿ ಫ್ಯಾನ್, 10 ಗಂಟೆ: 300
- ಲ್ಯಾಪ್‌ಟಾಪ್, 60 ವ್ಯಾಟ್, 5 ಗಂಟೆ: 300
- ದೀಪ, ಎರಡು ಫೋನು, ಚಿಲ್ಲರೆ: 100

ಒಟ್ಟು 1200 ವ್ಯಾಟ್ ಅವರ್. 12.8 ವೋಲ್ಟಿನ 200 ಎಎಚ್ (ಆಂಪಿಯರ್ ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 2560 ವ್ಯಾಟ್ ಅವರ್ ಇರುತ್ತದೆ. 80% ಬಳಸಿದರೆ ಬಿಸಿಲೇ ಇಲ್ಲದೆ ಒಂದೂವರೆ ದಿನ ದಾಟುತ್ತದೆ. ಮನೆಯ ಯುಪಿಎಸ್‌ಗೆ ಹಾಕುವ 150 ಎಎಚ್ ಟ್ಯೂಬುಲರ್ ಬ್ಯಾಟರಿ ಅಗ್ಗ ನಿಜ. ಆದರೆ ಅದನ್ನು ಅರ್ಧಕ್ಕಿಂತ ಕೆಳಗಿಳಿಸುತ್ತಿದ್ದರೆ ಬೇಗ ಸಾಯುತ್ತದೆ, ತೂಕ ಒಂದಕ್ಕೇ 50 ಕಿಲೋ ಮೀರುತ್ತದೆ, ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಜಾಗದಲ್ಲಿ ಅದು ಬೇಡ.

ಚಾವಣಿಯ ಮೇಲೆ ಮಲಗಿಸಿಟ್ಟ 400 ವ್ಯಾಟ್ ಪ್ಯಾನೆಲ್ ಬಯಲುಸೀಮೆಯ ಒಳ್ಳೆಯ ಬಿಸಿಲಿನಲ್ಲಿ ನಷ್ಟವೆಲ್ಲ ಕಳೆದು ದಿನಕ್ಕೆ 1200ರ ಆಸುಪಾಸು ಕೊಡುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅದರ ಕಾಲುಭಾಗ ಬಂದರೂ ಹೆಚ್ಚು. ಅದಕ್ಕೇ ಇಂಜಿನ್ನಿನಿಂದ ಚಾರ್ಜ್ ಮಾಡುವ ಡಿಸಿ-ಡಿಸಿ ಚಾರ್ಜರ್ ಬೇಕು. 30 ಆಂಪಿಯರಿನದು ಮೂರು ಗಂಟೆ ಓಡಿಸಿದರೆ ಒಂದು ದಿನದ ಕರೆಂಟು ತುಂಬಿಕೊಡುತ್ತದೆ. ಬರೀ ರಿಲೇ (ತಾನೇ ಆನ್ ಆಗುವ ಸ್ವಿಚ್ಚು) ಹಾಕಿ ಎರಡು ಬ್ಯಾಟರಿ ಜೋಡಿಸುವ ಹಳೆಯ ಪದ್ಧತಿ ಬಿಎಸ್6 ಹೊಗೆ ಮಾನದಂಡದ ಗಾಡಿಗಳಲ್ಲಿ ನೆಚ್ಚುವಂಥದ್ದಲ್ಲ. ಹಲವು ಹೊಸ ಗಾಡಿಗಳಲ್ಲಿ ಇಂಜಿನ್ನಿನಿಂದ ಕರೆಂಟು ಮಾಡುವ ಆಲ್ಟರ್ನೇಟರ್ ಡೀಸೆಲ್ ಉಳಿಸಲು ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ನಿಂತಲ್ಲೇ ಇಂಜಿನ್ ಓಡಿಸಿ ಚಾರ್ಜ್ ಮಾಡುವ ಅಭ್ಯಾಸ ಇನ್ನೂ ಕೆಟ್ಟದ್ದು. ಹೊಗೆಕೊಳವೆಯಲ್ಲಿ ಮಸಿ ಸೋಸುವ ಡಿಪಿಎಫ್ ಬಿಸಿಯಾಗದೆ ಮಸಿ ಕಟ್ಟಿಕೊಳ್ಳುತ್ತದೆ, ಅದರ ಬಿಲ್ಲು ಒಂದು ಸೋಲಾರ್ ಪ್ಯಾನೆಲ್ಲಿಗಿಂತ ದೊಡ್ಡದು.

ವೈರಿಂಗ್‌ನಲ್ಲಿ ತಪ್ಪುವುದು ಮೂರು ಕಡೆ. ಒಂದು, ತೆಳ್ಳನೆಯ ವೈರು. 30 ಆಂಪಿಯರ್ ಐದು ಮೀಟರ್ ಹೋಗಬೇಕಾದರೆ 16 ಚದರ ಮಿ.ಮೀ. ತಾಮ್ರ ಹಾಕಿ, ಮನೆ ವೈರಿಂಗಿನ 4 ಚದರ ಮಿ.ಮೀ. ಹಾಕಿದರೆ ವೈರು ಬಿಸಿಯಾಗುತ್ತದೆ, ಬ್ಯಾಟರಿ ತುಂಬುವುದಿಲ್ಲ. 1500 ವ್ಯಾಟ್ ಇನ್ವರ್ಟರ್ 140 ಆಂಪಿಯರ್ ಸುತ್ತಮುತ್ತ ಎಳೆಯುತ್ತದೆ, ಅದಕ್ಕೆ 50 ಚದರ ಮಿ.ಮೀ., ಉದ್ದ ಒಂದೂವರೆ ಮೀಟರಿನೊಳಗೆ. ಎರಡು, ಫ್ಯೂಸಿನ ಜಾಗ. ಫ್ಯೂಸು ಕಾಯುವುದು ವೈರನ್ನು. ಆದ್ದರಿಂದ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ ಇರಬೇಕು, ಅತ್ತ ಉಪಕರಣದ ಬಳಿ ಅಲ್ಲ. ಲಿಥಿಯಂ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಚಿಮ್ಮುವುದರಿಂದ ಮುಖ್ಯ ಫ್ಯೂಸು ಅಷ್ಟನ್ನೂ ಕಡಿಯಬಲ್ಲ ಕ್ಲಾಸ್-ಟಿ ಮಾದರಿಯದಾಗಿರಲಿ. ಮೂರು, ಜೋಡಣೆ. ಬೆಸುಗೆ ಹಾಕಿದ ತುದಿ ಅಲುಗಾಟಕ್ಕೆ ಮುರಿಯುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ವೈರಿನ ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹಾಕಿ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ, ಮೊದಲ 500 ಕಿ.ಮೀ. ಆದ ಮೇಲೆ ಎಲ್ಲ ನಟ್ಟನ್ನೂ ಒಮ್ಮೆ ಬಿಗಿ ಮಾಡಿ.

ಚಾವಣಿಗೆ ಅಂಟಿಸುವ ಬಗ್ಗುವ ಪ್ಯಾನೆಲ್ ಕೊಳ್ಳಬೇಡಿ. ಅಡಿಯಲ್ಲಿ ಗಾಳಿಯಾಡದೆ ಕಾದು ಬೇಗ ಸೊರಗುತ್ತದೆ. ಗಾಜಿನ ಪ್ಯಾನೆಲ್ಲನ್ನು ಮೂರು ನಾಲ್ಕು ಸೆಂ.ಮೀ. ಎತ್ತರಿಸಿ ಕೂರಿಸಿದರೆ ಚಾವಣಿಗೂ ನೆರಳಾಗುತ್ತದೆ. ಕೊರೆದ ತೂತುಗಳಿಗೆ ಪಾಲಿಯುರೆಥೇನ್ ಸೀಲಂಟ್ ಬಳಸಿ. ಬಚ್ಚಲಿಗೆ ಹಾಕುವ ಸಿಲಿಕೋನ್ ಒಂದೆರಡು ಮಳೆಗಾಲದಲ್ಲಿ ಎದ್ದುಬರುತ್ತದೆ.

ಎ.ಸಿ. ಬಗ್ಗೆ ಒಂದೇ ಮಾತು: ರಾತ್ರಿಯಿಡೀ ಒಂದು ಟನ್ ಎ.ಸಿ. ನಡೆಸಲು ನಾಲ್ಕೈದು ಸಾವಿರ ವ್ಯಾಟ್ ಅವರ್ ಬೇಕು, ಮೇಲಿನ ಲೆಕ್ಕದ ನಾಲ್ಕು ಪಟ್ಟು. ಅದರ ಬದಲು ಗಾಡಿಯನ್ನೇ ಎತ್ತರಕ್ಕೆ ಒಯ್ಯಿರಿ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಮಾರ್ಚಿನಿಂದ ಮೇವರೆಗೆ ಚಿಕ್ಕಮಗಳೂರು, ಕೊಡಗು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆ ಬಿಟ್ಟು ಚಿತ್ರದುರ್ಗ, ಹಂಪಿ, ವಿಜಯಪುರದ ಕಡೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕರಾವಳಿ. ಹೀಗೆ ಸುತ್ತಿದರೆ ಫ್ಯಾನಿನಲ್ಲೇ ವರ್ಷ ಕಳೆಯುತ್ತದೆ.

ಶಾಖ ತಡೆಯಲು ಚಾವಣಿಗೆ ಮೊದಲ ಗಮನ. 19 ಅಥವಾ 25 ಮಿ.ಮೀ. ನೈಟ್ರೈಲ್ ರಬ್ಬರ್ ಶೀಟನ್ನು ತಗಡಿಗೆ ಎಲ್ಲೂ ಗಾಳಿ ನಿಲ್ಲದಂತೆ ಅಂಟಿಸಿ. ಗ್ಲಾಸ್ ವುಲ್ ತೇವ ಹೀರಿಕೊಂಡು ತಗಡಿಗೆ ತುಕ್ಕು ಹಿಡಿಸುತ್ತದೆ. ಮಲಗಿದ ಇಬ್ಬರ ಉಸಿರು, ಬೆವರಿನಿಂದ ರಾತ್ರಿಗೆ ಅರ್ಧ ಲೀಟರಿನಷ್ಟು ನೀರಾವಿ ಹೊರಬರುತ್ತದೆ, ಕಿಟಕಿ ಪೂರ್ತಿ ಮುಚ್ಚಿದರೆ ಅದು ಹಾಸಿಗೆಯ ಅಡಿ ಬೂಷ್ಟಾಗುತ್ತದೆ. ಮಳೆಯಲ್ಲೂ ಎರಡು ಕಡೆ ಎರಡು ಬೆರಳಷ್ಟು ತೆರೆದಿರಲಿ, ಹಾಸಿಗೆಯ ಕೆಳಗಿನ ಹಲಗೆಗೆ ತೂತು ಕೊರೆಸಿ.

ಗ್ಯಾಸು, ಅಡುಗೆ

5 ಕಿಲೋ ಸಿಲಿಂಡರ್ ಸಾಕು. ವಿಳಾಸದ ದಾಖಲೆ ಕೇಳದೆ ಗುರುತಿನ ಚೀಟಿಯ ಮೇಲೆ ಕೊಡುವ ಮಾದರಿ ಇಂಡೇನ್‌ನಲ್ಲಿ ಛೋಟು ಎಂಬ ಹೆಸರಿನಲ್ಲಿದೆ. ಇಬ್ಬರ ಎರಡು ಹೊತ್ತಿನ ಅಡುಗೆಗೆ ದಿನಕ್ಕೆ 150 ಗ್ರಾಂ ಹಿಡಿದರೂ ಒಂದು ತಿಂಗಳು ಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಮೇಲಿನ ಕಿಟಕಿ ತೆರೆದಿದೆ ಎಂಬ ಧೈರ್ಯ ಇಲ್ಲಿ ಉಪಯೋಗಕ್ಕಿಲ್ಲ. ಸಿಲಿಂಡರನ್ನು ಒಳಗಿನಿಂದ ಪೂರ್ತಿ ಬೇರ್ಪಟ್ಟ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಪೆಟ್ಟಿಗೆಯ ತಳದಲ್ಲಿ ಗಾಡಿಯ ಹೊರಗೆ ತೆರೆಯುವ ತೂತಿರಬೇಕು. ಓಡಿಸುವಾಗ ರೆಗ್ಯುಲೇಟರ್ ಬಂದ್. ಸುರಕ್ಷಾ ಪೈಪಿನ ಆಯಸ್ಸು ಐದು ವರ್ಷ, ತಾರೀಖು ಪೈಪಿನ ಮೇಲೇ ಇರುತ್ತದೆ. ತಿಂಗಳಿಗೊಮ್ಮೆ ಸಾಬೂನು ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. 2 ಕಿಲೋ ಎಬಿಸಿ ಅಗ್ನಿಶಾಮಕ ಬಾಗಿಲ ಪಕ್ಕ ಇರಲಿ, ಸ್ಟವ್ ಹಿಂದೆ ಅಲ್ಲ. ಚಳಿಗೆಂದು ಇದ್ದಿಲ ಒಲೆಯನ್ನು ಒಳಗೆ ಇಟ್ಟುಕೊಂಡು ಮಲಗಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಎಚ್ಚರವಾಗುವುದಿಲ್ಲ.

ಫ್ರಿಜ್ ಇಲ್ಲದೆಯೂ ದಿನ ದೂಡಬಹುದೆಂದರೆ ಉತ್ತರ ಕರ್ನಾಟಕದ ಅಡುಗೆಮನೆಯನ್ನು ನೆಚ್ಚಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ವಾರಗಟ್ಟಲೆ ಕೆಡುವುದಿಲ್ಲ, ಗ್ಯಾಸೂ ಬೇಡ.

ರಾತ್ರಿ ಎಲ್ಲಿ

ಸಂಜೆ ನಾಲ್ಕರೊಳಗೆ ಜಾಗ ಮುಟ್ಟಿ, ಬೆಳಕಿನಲ್ಲೇ ನೆಲ ನೋಡಿಕೊಳ್ಳಿ. 24 ಗಂಟೆ ತೆರೆದಿರುವ ಬಂಕ್, ಲಾರಿಗಳು ನಿಲ್ಲುವ ಡಾಬಾ, ಯಾತ್ರಿನಿವಾಸವಿರುವ ದೇವಸ್ಥಾನಗಳ ಆವರಣ, ಶುಲ್ಕ ಕೊಟ್ಟು ಹೋಂಸ್ಟೇ ಅಂಗಳ ಒಳ್ಳೆಯ ಆಯ್ಕೆಗಳು. ಹಳ್ಳಿಯಲ್ಲಿ ಯಾರ ಜಮೀನೆಂದು ಕೇಳಿ, ಒಪ್ಪಿಗೆ ಪಡೆದೇ ನಿಲ್ಲಿಸಿ. ಥಟ್ಟನೆ ಹೊರಡಲು ಆಗುವಂತೆ ಗಾಡಿಯ ಮೂತಿ ರಸ್ತೆಯ ಕಡೆಗಿರಲಿ, ಡ್ರೈವರ್ ಸೀಟಿನ ಮೇಲೆ ಸಾಮಾನು ಬೇಡ. ಗದ್ದೆಯಂಚಿನ ಹಸಿರು ನೆಲ ಒಂದು ಮಳೆಗೆ ಕೆಸರಾಗುತ್ತದೆ. ಕಡಲತೀರದ ಮರಳಿನ ಮೇಲಂತೂ ಟಿಟಿ ಇಳಿಸಲೇಬೇಡಿ, ಹೂತರೆ ಎಳೆಯಲು ಟ್ರ್ಯಾಕ್ಟರಿನವರು ಉಬ್ಬರಕ್ಕೆ ಮೊದಲು ಬರುತ್ತಾರೆಂಬ ಭರವಸೆಯಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧ.

ದಾರಿ ಹಾಕುವಾಗ ಸಮಯವನ್ನೂ ಸೇರಿಸಿ. ಬಂಡೀಪುರದ ಮೂಲಕ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಗುಂಡ್ಲುಪೇಟೆಗೆ ಎಂಟು ಗಂಟೆಗೆ ಬಂದರೆ ಅಲ್ಲೇ ಉಳಿದುಕೊಳ್ಳಿ. ನೀಲಗಿರಿ ಜಿಲ್ಲೆಗೂ ಕೊಡೈಕೆನಾಲಿಗೂ 2024ರ ಮೇಯಿಂದ ಇ-ಪಾಸ್ ಜಾರಿಯಲ್ಲಿದೆ, ಹೊರಡುವ ಮೊದಲೇ ಪಡೆದಿರಬೇಕು. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಮೂರು ಟನ್ ಮೀರಿದ ಮನೆಗಾಡಿಗೆ ಗೂಡಲೂರಿನ ದಾರಿಯೇ ಸರಿ. ಯಾವ ಘಟ್ಟ ಇಳಿಯುವಾಗಲೂ ಏರಲು ಬೇಕಾದ ಗೇರಿನಲ್ಲೇ ಇಳಿಯಿರಿ. ಬ್ರೇಕು ತುಳಿದೇ ಇಳಿದರೆ ಪ್ಯಾಡು ಕಾದು ಬ್ರೇಕ್ ಆಯಿಲ್ ಕುದಿಯುತ್ತದೆ, ಪೆಡಲು ಮೆತ್ತಗೆ ನೆಲಕ್ಕಿಳಿಯುತ್ತದೆ. ಸುಟ್ಟ ವಾಸನೆ ಬಂದ ಕೂಡಲೇ ಅಗಲವಿರುವ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಬಿಸಿ ಡಿಸ್ಕಿನ ಮೇಲೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ.